ರಾಗಿ ಲೋಟಕ್ಕೆ ಹಾಕಿದ ಉಪ್ಪು

ಜನವರಿ 12, ಭಾನುವಾರ

ಇವತ್ತು ಒಬ್ಬ ಹೆಂಗಸು ಅಂಗಡಿಗೆ ಬಂದು, ನನ್ನ ಹೊಟ್ಟೆಪಾಡಿಗೇ ಕಲ್ಲು ಹಾಕಿ, ನಾನೇ ತರಿಸಿಕೊಟ್ಟ ಟೀ ಕುಡಿದು ಹೋದಳು.

ಹೆಸರು ಸಂಧ್ಯಾ. ನಮ್ಮ ಉಪ್ಪಾರಹಳ್ಳಿಯಲ್ಲೇ ಮನೆ. ಗುಬ್ಬಿ ಹತ್ತಿರ ಬಿದರೆಹಳ್ಳಿ ಕಾವಲ್‌ನ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ ಕೆಲಸ. ಬಂದ ಪಾರ್ಟ್ ಸರಿ ಇದೆಯೋ ಇಲ್ಲವೋ ಅಂತ ಅಳೆದು ನೋಡುವುದಂತೆ. ಫೆಬ್ರವರಿ 23ಕ್ಕೆ ನಮ್ಮ ಬಡಾವಣೆಯ ಶಾದಿ ಮಹಲ್‌ನಲ್ಲಿ ಮಕ್ಕಳ ವಿಜ್ಞಾನ ಮೇಳ ಮಾಡಬೇಕು ಅಂತ ಹೊರಟಿದ್ದಾಳೆ. ಯಾವ ಶಾಲೆಯದ್ದೂ ಅಲ್ಲ, ನಾವು ನಾವೇ ಸೇರಿ ಮಾಡುವುದು. ತುಮಕೂರಿನ ಮಕ್ಕಳ ಜೊತೆ ಗುಬ್ಬಿ, ಕುಣಿಗಲ್ ಕಡೆಯ ಮಕ್ಕಳೂ ಬರುತ್ತಾರಂತೆ. ಪರೀಕ್ಷೆಗೂ ರಂಜಾನಿಗೂ ಮೊದಲು ಮಹಲ್ ಖಾಲಿ ಸಿಕ್ಕುವುದು ಅದೊಂದೇ ಭಾನುವಾರ.

ಒಳ್ಳೆಯದೇ. ಆದರೆ ಮೊದಲನೇ ನಿಯಮ ಕೇಳಿ ನನ್ನ ಮೈ ಉರಿಯಿತು. ರೆಡಿಮೇಡ್ ಮಾಡೆಲ್‌ಗೆ ಪ್ರವೇಶವಿಲ್ಲ.

ಹೇಳಿದ್ದು ಯಾರಿಗೆ? ಹದಿನಾಲ್ಕು ವರ್ಷದಿಂದ ಮಾಡೆಲ್ ಮಾಡಿ ಮಾರುತ್ತಿರುವ ಈ ರೂಬಿಗೆ. ಈ ಊರಿನ ಯಾವ ಶಾಲೆಯಲ್ಲಿ ಜ್ವಾಲಾಮುಖಿ ಉಕ್ಕಿದರೂ ಅದರೊಳಗಿನ ಅಡುಗೆ ಸೋಡಾ ನನ್ನದು. ಥರ್ಮೋಕೋಲಿನ ಮಳೆಕೊಯ್ಲು ಮನೆ, ಬಲ್ಬು ಹತ್ತುವ ಅಣೆಕಟ್ಟು, ಕೆಂಪು ನೀರು ಓಡುವ ಹೃದಯ, ಎಲ್ಲಾ ನನ್ನ ಕೈಯಿಂದಲೇ ಹೋಗುವುದು. ಹಿಂದಿನ ದಿನ ಸಂಜೆ ಬಂದು ಅಳುವ ತಾಯಂದಿರಿಗೆ ನಾನೇ ದಿಕ್ಕು.

ಮಕ್ಕಳೆಲ್ಲ ನಿಮ್ಮ ಅಂಗಡಿಗೇ ಬರುತ್ತಾರೆ, ಹೆಸರು ಬರೆದುಕೊಳ್ಳುವ ಕೆಲಸ ನೀವು ವಹಿಸಿಕೊಳ್ಳಿ, ಕಮಿಟಿಗೂ ಬನ್ನಿ ಅಂದಳು. ಒಳಗೆ ಸೇರಿಕೊಂಡರೆ ಆ ನಿಯಮದ ಹಲ್ಲು ಕೀಳಬಹುದು ಅಂತ ಹೂಂ ಅಂದೆ.

ಇದನ್ನೆಲ್ಲ ಇಲ್ಲಿ ಬರೆಯುವುದಕ್ಕೆ ಭಯವಿಲ್ಲ. ಮನೆಯಲ್ಲಿ ಮಾತು ಉರ್ದುವಾದರೂ ನಾನು ಅಕ್ಷರ ಕಲಿತದ್ದು ಕನ್ನಡದಲ್ಲಿ. ಅತ್ತೆಗೆ ಕನ್ನಡ ಓದಲು ಬರುವುದಿಲ್ಲ. ಗಂಡ ಜುಲ್ಫಿಕರ್‌ಗೆ ಬರುತ್ತೆ, ಆದರೆ ಅವರು ತಾವು ಓಡಿಸುವ ಸ್ಕೂಲ್ ವ್ಯಾನಿನ ಹಿಂದೆ ಬರೆದಿದ್ದು ಬಿಟ್ಟು ಬೇರೆ ಓದಿದ್ದು ನಾನು ನೋಡಿಲ್ಲ. ಮಗಳಿಗೆ ಅಮ್ಮಿಯ ಪುಸ್ತಕ ಅಂದರೆ ಅಂಗಡಿ ಲೆಕ್ಕ.

ಜನವರಿ 19, ಭಾನುವಾರ

ಮೊದಲ ಮೀಟಿಂಗ್. ಐದು ಜನ ಬಂದಿದ್ದರು. ಅದರಲ್ಲಿ ಮಾತಾಡಿದ್ದು ಶಿವರಾಮಯ್ಯನವರು ಒಬ್ಬರೇ ಅಂದರೂ ತಪ್ಪಿಲ್ಲ. ರಿಟೈರ್ ಆಗಿರುವ ಹೆಡ್‌ಮಾಸ್ಟರು. ವೇದಿಕೆ ಎಷ್ಟು ಅಡಿ, ಹಾರ ಎಷ್ಟು, ಶಾಲು ಎಷ್ಟು, ಮುಖ್ಯ ಅತಿಥಿ ಯಾರು ಅಂತ ಒಂದು ಗಂಟೆ. ಮಕ್ಕಳ ಮಾತು ಬಂದಾಗ ಅವರಿಗೆ ಆಕಳಿಕೆ ಬಂತು.

ಸಂಧ್ಯಾ ಎರಡನೇ ಬಾಂಬ್ ಹಾಕಿದಳು. ಬಹುಮಾನ ಇಲ್ಲ. ಪ್ರತಿ ಮಗುವೂ ತನಗೆ ನಿಜವಾಗಿ ಹುಟ್ಟಿದ ಒಂದು ಪ್ರಶ್ನೆ ತರಬೇಕು, ಅದನ್ನು ಕೈಯಾರೆ ಮಾಡಿ ನೋಡಬೇಕು, ದಿನಾ ಏನು ಕಂಡಿತು ಅಂತ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಅಷ್ಟೇ. ಬಹುಮಾನ ಇಲ್ಲದ ಮೇಳಕ್ಕೆ ಯಾರಮ್ಮ ಬರ್ತಾರೆ ಅಂತ ಶಿವರಾಮಯ್ಯನವರು ಕೇಳಿದರು. ಜೀವನದಲ್ಲಿ ಮೊದಲ ಸಲ ಅವರ ಮಾತು ನನಗೆ ಸರಿ ಅನ್ನಿಸಿತು.

ಜನವರಿ 21, ಮಂಗಳವಾರ

ನೀನೂ ಸೇರಿಕೋ ಅಂತ ಮಗಳು ಝೋಯಾಗೆ ಹೇಳಿದೆ. ಎಂಟನೇ ಕ್ಲಾಸು, ಬುದ್ಧಿಗೇನು ಕಮ್ಮಿಯಿಲ್ಲ. "ಬೇಡ ಅಮ್ಮಿ. ನನ್ನ ಕೈಯಲ್ಲಿ ಏನೂ ಆಗಲ್ಲ" ಅಂದಳು. ನೀರು ಬಂದಿಲ್ಲ, ಕರೆಂಟ್ ಇಲ್ಲ ಅನ್ನುವ ಹಾಗೆ ಹೇಳಿಬಿಟ್ಟಳು. ಅದೇ ನನಗೆ ಸಂಕಟವಾಗಿದ್ದು.

ಎಲ್‌ಕೆಜಿಯಿಂದ ಐದನೇ ಕ್ಲಾಸಿನವರೆಗೆ ಪ್ರತಿ ವರ್ಷ ಫಸ್ಟ್ ಪ್ರೈಜ್ ತಂದ ಹುಡುಗಿ. ಒಂದೊಂದು ಮಾಡೆಲ್‌ಗೂ ನಾನು ವಾರಗಟ್ಟಲೆ ಕೂತಿದ್ದೆ. ಆರನೇ ಕ್ಲಾಸಿನಲ್ಲಿ ಯಾರೋ ಒಬ್ಬ ಜಡ್ಜು, ನಿನ್ನ ಅಣೆಕಟ್ಟಿನಲ್ಲಿ ಬಲ್ಬು ಹೇಗೆ ಹತ್ತುತ್ತೆ ಅಂತ ಕೇಳಿಬಿಟ್ಟರು. ಉತ್ತರ ಗೊತ್ತಾಗದೆ ಅಲ್ಲೇ ಅತ್ತಳು. ಅವತ್ತಿನಿಂದ ಈ ಮಾತು ಶುರು. ಆ ಜಡ್ಜು ಮಗುವಿಗೆ ಹಾಗೆಲ್ಲ ಕೇಳಬಾರದಾಗಿತ್ತು.

ಈ ಸಲ ಹೇಗಾದರೂ ಮಾಡಿ ಇವಳನ್ನು ಆ ಮೇಳದಲ್ಲಿ ನಿಲ್ಲಿಸಲೇಬೇಕು. ನನಗೆ ಮಿಕ್ಕಿದ್ದೇನೂ ಮುಖ್ಯವಲ್ಲ.

ಜನವರಿ 27, ಸೋಮವಾರ

ಪ್ರಶ್ನೆ ತಾನಾಗೇ ಬಂತು. ನಾನು ಕೊಟ್ಟಿದ್ದಲ್ಲ.

ನಮ್ಮ ರಸ್ತೆ ತುದಿಯಲ್ಲಿ ಫಿಲ್ಟರ್ ನೀರಿನ ಘಟಕ ಇದೆ. ಒಂದು ಕ್ಯಾನ್ ಒಳ್ಳೆ ನೀರು ಬಂದರೆ ಅಷ್ಟೇ ವೇಸ್ಟ್ ನೀರು ಪೈಪಿನಿಂದ ಮೋರಿಗೆ ಹೋಗುತ್ತೆ. ಪಕ್ಕದ ಖಾಲಿ ಸೈಟು ಕಾಯುವ ಗಂಗಹನುಮಯ್ಯ ಇದ್ದಾರಲ್ಲ, ಹೆಬ್ಬೂರಿನ ಮುದುಕ, ಅವರು ಆ ಪೈಪಿಗೆ ಇನ್ನೊಂದು ತುಂಡು ಸೇರಿಸಿ ನೀರನ್ನು ಸೈಟಿಗೆ ತಿರುಗಿಸಿಕೊಂಡಿದ್ದಾರೆ. ಅದರಲ್ಲೇ ದಂಟು, ಪಾಲಕ್, ಮೆಂತ್ಯ ಬೆಳೆಯುತ್ತಾರೆ. ಬೆಳಿಗ್ಗೆ ಬಡಾವಣೆಯ ಹೆಂಗಸರೆಲ್ಲ ಅಲ್ಲೇ ಸೊಪ್ಪು ಕೊಳ್ಳುವುದು.

ಕ್ಯಾನ್ ತುಂಬಿಸುವಾಗ ಝೋಯಾ ಕೇಳಿದಳು: ನಾವು ಕುಡಿಯಬಾರದು ಅಂತ ಬಿಡೋ ನೀರನ್ನ ಗಿಡ ಕುಡಿಯಬಹುದಾ? ನನಗೆ ಉತ್ತರ ಗೊತ್ತಿರಲಿಲ್ಲ, ಆದರೂ ಕುಡಿಯಬಾರದು ಅಂದೆ. "ಯಾರು ನೋಡಿದಾರೆ?" ಅಂದಳು. ಮನೆಗೆ ಬಂದು ಹದಿನೈದು ಪೇಪರ್ ಲೋಟಕ್ಕೆ ಮಣ್ಣು ತುಂಬಿ ರಾಗಿ ಹಾಕಿದಳು. ಐದಕ್ಕೆ ನಲ್ಲಿ ನೀರು, ಐದಕ್ಕೆ ಬೋರ್ ನೀರು, ಐದಕ್ಕೆ ವೇಸ್ಟ್ ನೀರು. ಅಂಗಡಿ ಹಿಂದಿನ ಕಿಟಕಿ ಕಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದಾಳೆ. ಲೋಟಗಳು ಸೊಟ್ಟಗೆ ಇದ್ದವು, ನೇರ ಮಾಡಲು ಹೋದೆ. ಕೈ ತೆಗಿ ಅಮ್ಮಿ ಅಂದಳು.

ಫೆಬ್ರವರಿ 2, ಭಾನುವಾರ

ಜುಲ್ಫಿಕರ್ ವ್ಯಾನಿನಲ್ಲಿ ನಾನು, ಸಂಧ್ಯಾ ಗುಬ್ಬಿಗೂ ಕುಣಿಗಲ್‌ಗೂ ಹೋಗಿ ಬಂದೆವು. ಹೆಸರು ಕೊಟ್ಟ ಮಕ್ಕಳು ನಿಜವಾಗಿ ಏನು ಮಾಡುತ್ತಿದ್ದಾರೆ ಅಂತ ನೋಡಬೇಕಿತ್ತು. ಅರವತ್ತು ಹೆಸರು ಬಂದಿದ್ದವು. ಬಹುಮಾನ ಇಲ್ಲ ಅಂತ ಸುದ್ದಿಯಾದ ಮೇಲೆ ಉಳಿದಿದ್ದು ಇಪ್ಪತ್ತೆರಡು. ನಾನು ಹೇಳಿರಲಿಲ್ಲವಾ ಅಂದೆ. ಸಂಧ್ಯಾ ಇಪ್ಪತ್ತೆರಡು ಸಾಕು ಅಂದಳು. ಇವಳಿಗೆ ಬೇಜಾರು ಅನ್ನುವುದೇ ಇಲ್ಲವೋ ಏನೋ.

ಗುಬ್ಬಿಯಲ್ಲಿ ಅಕ್ಕ ತಂಗಿ ಇಬ್ಬರು, ಯಾವ ಚೆಂಡು ಎಷ್ಟು ಎತ್ತರ ನೆಗೆಯುತ್ತೆ ಅಂತ ಗೋಡೆಗೆಲ್ಲ ಸೀಮೆಸುಣ್ಣದಲ್ಲಿ ಗೆರೆ ಹಾಕಿದ್ದರು. ಅವರಮ್ಮ ಗೋಡೆ ಹಾಳಾಯಿತು ಅಂತ ನಮಗೇ ಬೈದರು. ಕುಣಿಗಲ್‌ನಲ್ಲಿ ನಂದಿತಾ ಅಂತ ಒಂದು ಪುಟ್ಟ ಹುಡುಗಿ, ಮೂರನೇ ಕ್ಲಾಸು. ಅವಳ ತಾತ ಕುದುರೆಗೆ ಲಾಳ ಹೊಡೆಯುವವರು. ಲಾಳದ ಮೊಳೆಗಳನ್ನು ಕೆರೆ ನೀರು, ಹುಣಸೆ ನೀರು, ಮಜ್ಜಿಗೆ, ಎಣ್ಣೆಯಲ್ಲಿ ಹಾಕಿಟ್ಟು ಯಾವುದು ಮೊದಲು ತುಕ್ಕು ಹಿಡಿಯುತ್ತೆ ಅಂತ ನೋಡುತ್ತಿದ್ದಾಳೆ. ಮಜ್ಜಿಗೆ ನಾತ ಮನೆ ತುಂಬಿತ್ತು.

ನೋಡಲಿಕ್ಕೆ ಒಂದೂ ಲಕ್ಷಣವಾಗಿಲ್ಲ. ಒಂದು ಬಣ್ಣದ ಕಾಗದ ಇಲ್ಲ, ಗಮ್ ಹಾಕಿದ ಕಡೆಯೆಲ್ಲ ಕೊಳೆ. ನನ್ನ ಕೈಗೆ ಅರ್ಧ ದಿನ ಕೊಟ್ಟಿದ್ದರೆ! ಬರುವ ದಾರಿಯಲ್ಲಿ ಸಂಧ್ಯಾಗೆ ಅದನ್ನೇ ಹೇಳಿದೆ. ಅವಳು ಕಿಟಕಿ ಆಚೆ ನೋಡುತ್ತಾ ನಕ್ಕಳು.

ಫೆಬ್ರವರಿ 5, ಬುಧವಾರ

ಹದಿನೈದು ಲೋಟದಲ್ಲೂ ರಾಗಿ ಹುಟ್ಟಿದೆ. ಝೋಯಾ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಸ್ಕೇಲ್ ಹಿಡಿದು ಕೂತಿದ್ದಳು.

ಫೆಬ್ರವರಿ 11, ಮಂಗಳವಾರ

ಮೂರು ಸಾಲೂ ಒಂದೇ ಸಮ ಬೆಳೆದಿವೆ. ನಲ್ಲಿ ನೀರಿನದ್ದಕ್ಕೂ ವೇಸ್ಟ್ ನೀರಿನದ್ದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಝೋಯಾ ಸ್ಕೂಲಿನಿಂದ ಬಂದು ಅಳೆದಳು, ಬರೆದಳು, ಪುಸ್ತಕ ಮುಚ್ಚಿ ದಿಂಬಿನ ಕೆಳಗೆ ಇಟ್ಟಳು. ಏನಾಯಿತು ಅಂದರೆ, ಏನೂ ಆಗಲಿಲ್ಲ, ನಾನು ಮಾಡಿದರೆ ಹೀಗೇ ಅಂದಳು. ಮೇಳದಿಂದ ಹೆಸರು ತೆಗೆದುಬಿಡು ಅಂತಲೂ ಅಂದಳು. ಅನ್ನ ಅರ್ಧ ಬಿಟ್ಟಳು.

ಎರಡು ವರ್ಷದ ಮೇಲೆ ಮೊದಲ ಸಲ ಈ ಹುಡುಗಿ ಏನಾದರೂ ಒಂದನ್ನು ಹಟ ಹಿಡಿದು ಮಾಡಿದ್ದು. ಆ ರಾಗಿಗೆ ಸ್ವಲ್ಪವೂ ಕರುಣೆ ಇಲ್ಲ.

ಫೆಬ್ರವರಿ 12, ಬುಧವಾರ

ಇದನ್ನು ಬರೆದುಬಿಡುತ್ತೇನೆ, ಆಮೇಲೆ ಯೋಚನೆ ಮಾಡುವುದಿಲ್ಲ.

ಮಧ್ಯಾಹ್ನ ಝೋಯಾ ಸ್ಕೂಲಿನಲ್ಲಿದ್ದಾಗ, ವೇಸ್ಟ್ ನೀರಿನ ಐದು ಲೋಟಕ್ಕೂ ಒಂದೊಂದು ಚಮಚ ಉಪ್ಪು ಕರಗಿಸಿ ಹಾಕಿದೆ. ಮಾಡೆಲ್ ಅಂದಮೇಲೆ ದೂರದಿಂದ ನೋಡಿದವರಿಗೂ ಕಾಣಬೇಕು. ಹದಿನೈದೂ ಒಂದೇ ಥರ ನಿಂತಿದ್ದರೆ ಯಾರು ತಿರುಗಿ ನೋಡುತ್ತಾರೆ? ಆ ನೀರು ಕೆಟ್ಟದ್ದೇ ಅಂತ ಎಲ್ಲರಿಗೂ ಗೊತ್ತು. ಇನ್ನೊಂದು ತಿಂಗಳು ಬಿಟ್ಟಿದ್ದರೆ ತಾನೇ ಬಾಡುತ್ತಿತ್ತು. ನಾನು ಸ್ವಲ್ಪ ಬೇಗ ಮಾಡಿದೆ, ಅಷ್ಟೇ. ಜ್ವಾಲಾಮುಖಿಗೆ ಸೋಡಾ ಹಾಕುವುದಿಲ್ಲವಾ?

ಅತ್ತೆ ಬಾಗಿಲಲ್ಲಿ ನಿಂತು, ಗಿಡಕ್ಕೆ ಏನು ಹಾಕ್ತಿದೀಯ ಅಂತ ಕೇಳಿದರು. ಗೊಬ್ಬರ ಅಂದೆ.

ಫೆಬ್ರವರಿ 15, ಶನಿವಾರ

ಮೊನ್ನೆ ಬಾಗಿದ್ದ ಐದೂ ಇವತ್ತು ಪೂರ್ತಿ ಮಲಗಿದವು. ತುದಿ ಬೆಳ್ಳಗಾಗಿ, ಬುಡ ಕಂದಾಗಿ.

ಝೋಯಾ ಕಿಟಕಿ ಹತ್ತಿರ ನಿಂತು ಕೂಗಿದ ಸದ್ದಿಗೆ ಹಾವೇ ಬಂತು ಅಂತ ಓಡಿದೆ. "ಅಮ್ಮಿ, ಸಿಕ್ತು. ಇಷ್ಟು ದಿನ ಸುಮ್ನಿದ್ದು ಹದಿನೇಳನೇ ದಿನದಿಂದ ತೋರಿಸ್ತಿದೆ ನೋಡು." ನನ್ನನ್ನು ತಬ್ಬಿಕೊಂಡಳು. ಎತ್ತರ ಅಳೆದಳು, ಎಲೆ ಎಣಿಸಿದಳು, ಬಣ್ಣ ಬರೆದಳು, ಅವಳ ಅಬ್ಬಾ ಬಂದಾಗ ಬಾಗಿಲಲ್ಲೇ ನಿಲ್ಲಿಸಿ ಪೂರ್ತಿ ಕಥೆ ಹೇಳಿದಳು. ಅನ್ನ ಎರಡು ಸಲ ಹಾಕಿಸಿಕೊಂಡಳು. ಈ ಮುಖ ನೋಡಿ ಎಷ್ಟು ದಿನವಾಗಿತ್ತು. ಮಾಡಿದ್ದಕ್ಕೆ ನನಗೇನೂ ಪಶ್ಚಾತ್ತಾಪ ಇಲ್ಲ.

ಫೆಬ್ರವರಿ 16, ಭಾನುವಾರ

ನಮ್ಮ ಅಂಗಡಿಯಲ್ಲೇ ನಡೆದ ಕಮಿಟಿ ಮೀಟಿಂಗಿಗೆ ಝೋಯಾ ತಾನೇ ಲೋಟಗಳನ್ನು ಹೊತ್ತು ಬಂದಳು. ನೋಟ್‌ಬುಕ್ ತೆರೆದು ನಿಂತು ಮಾತಾಡಿದಳು, ಒಂದು ಸಲವೂ ನನ್ನ ಕಡೆ ನೋಡಲಿಲ್ಲ. ಶಿವರಾಮಯ್ಯನವರು ಚಪ್ಪಾಳೆ ತಟ್ಟಿ, ಇದನ್ನ ಬಾಗಿಲ ಎದುರಿಗೇ ಇಡಬೇಕು ಅಂದರು. ಮೀಟಿಂಗ್ ಮುಗಿಯುವ ಮೊದಲೇ ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ಲೋಟಗಳ ಫೋಟೋ ಹಾಕಿ, ನಮ್ಮ ಬಾಲ ವಿಜ್ಞಾನಿಯ ಸಂಶೋಧನೆ, ಫಿಲ್ಟರ್ ವೇಸ್ಟ್ ನೀರಿನಿಂದ ಸಸ್ಯಗಳ ಸಾವು ಅಂತ ಬರೆದರು.

ಸಂಧ್ಯಾ ಮಾತ್ರ ಪುಸ್ತಕವನ್ನು ಎರಡು ಸಲ ತಿರುವಿ ನೋಡಿದಳು. ಹನ್ನೆರಡನೇ ತಾರೀಖು ಚೆನ್ನಾಗಿತ್ತು, ಹದಿಮೂರಕ್ಕೆ ಐದೂ ಒಟ್ಟಿಗೆ ಬಾಗಿದವಾ ಅಂತ ಕೇಳಿದಳು. ಹೌದು ಆಂಟಿ, ಐದೂ ಅಂತ ಝೋಯಾ ಹೆಮ್ಮೆಯಿಂದ ಹೇಳಿದಳು. ನಾನು ಟೀ ಲೋಟ ಎತ್ತಿಕೊಂಡು ಒಳಗೆ ಹೋದೆ.

ಫೆಬ್ರವರಿ 17, ಸೋಮವಾರ

ಗಂಗಹನುಮಯ್ಯನವರ ಹತ್ತಿರ ಸೊಪ್ಪಿಗೆ ಯಾರೂ ಬರಲಿಲ್ಲ ಅಂತ ಜುಲ್ಫಿಕರ್ ಹೇಳಿದರು. ನಾಳೆ ಬರುತ್ತಾರೆ. ಜನಕ್ಕೆ ವಾಟ್ಸಾಪ್ ಮರೆಯೋದಕ್ಕೆ ಎರಡು ದಿನ ಸಾಕು.

ಫೆಬ್ರವರಿ 18, ಮಂಗಳವಾರ

ಇದನ್ನೂ ಬರೆಯಲೇಬೇಕು.

ಬೆಳಿಗ್ಗೆ ನಾನೇ ಸೊಪ್ಪು ತರಲು ಹೋದೆ. ನಾನು ಕೊಂಡರೆ ನಾಲ್ಕು ಜನ ನೋಡುತ್ತಾರೆ ಅಂತ. ಗಂಗಹನುಮಯ್ಯ ಪಾತಿಯಲ್ಲಿ ಕುಕ್ಕರಗಾಲಲ್ಲಿ ಕೂತು ದಂಟನ್ನು ಬೇರು ಸಮೇತ ಕೀಳುತ್ತಿದ್ದರು. ಪಾಲಕ್ ಆಗಲೇ ರಾಶಿ ಬಿದ್ದಿತ್ತು. ಯಾಕೆ ಕೀಳುತ್ತಿದ್ದೀರ ಅಂದೆ.

"ನಿಮ್ಮ ಮಗ ಅಳ್ದು ನೋಡಿ ಹೇಳೈತಂತಲ್ಲ ರೂಬಮ್ಮ, ಈ ನೀರು ಗಿಡ ಸಾಯಿಸ್ತದೆ ಅಂತ. ಓದೋ ಮಗ ಸುಳ್ಳು ಹೇಳ್ತದಾ? ನಂಗೊತ್ತಿರ್ನಿಲ್ಲ ಕಣವ್ವ. ಗೊತ್ತಾದ್ಮೇಲೂ ಜನಕ್ಕೆ ತಿನ್ನುಸ್ಲಾ? ಕಿತ್ತಾಕ್ಬುಡ್ತೀನಿ."

ಸಿಟ್ಟು ಮಾಡಿಕೊಂಡಿದ್ದರೆ ನಾನೂ ಜಗಳ ಮಾಡುತ್ತಿದ್ದೆ. ಅವರು ಸಿಟ್ಟೇ ಮಾಡಿಕೊಳ್ಳಲಿಲ್ಲ. ನನ್ನ ಮಗಳನ್ನು ನಂಬಿ, ತಾನು ಬೆಳೆದಿದ್ದನ್ನು ತಾನೇ ಕೀಳುತ್ತಿದ್ದರು. ನಾನು ಅವರ ಕೈ ಹಿಡಿದುಕೊಂಡೆ. ಪರಗಂಡಸಿನ ಕೈ ಹಿಡಿದಿದ್ದೇನೆ ಅನ್ನುವ ಯೋಚನೆಯೂ ಬರಲಿಲ್ಲ. ಮಗು ಸುಳ್ಳು ಹೇಳಿಲ್ಲ, ಉಪ್ಪು ಹಾಕಿದವಳು ನಾನು ಅಂದೆ. ಅವರಿಗೆ ಅರ್ಥವಾಗಲು ಮೂರು ಸಲ ಹೇಳಬೇಕಾಯಿತು. ಕೊನೆಗೆ ಕೈಯಲ್ಲಿದ್ದ ದಂಟನ್ನು ನೋಡಿ, "ಹಂಗಾರೆ ಇದನ್ನ ಸುಮ್‌ಸುಮ್ನೆ ಕಿತ್ನಾ" ಅಂದರು. ಅಷ್ಟೇ. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಸಂಜೆ ಝೋಯಾ ಬಂದಳು. ಬ್ಯಾಗ್ ಇಳಿಸುವ ಮೊದಲೇ ಹೇಳಿಬಿಟ್ಟೆ, ಆಮೇಲೆ ಅಂದರೆ ಆಗುತ್ತಿರಲಿಲ್ಲ. ಅವಳು ಅಳಲಿಲ್ಲ. ಎಷ್ಟು ಲೋಟಕ್ಕೆ ಅಂತ ಕೇಳಿದಳು. ಐದಕ್ಕೂ ಅಂದೆ. ಯಾವತ್ತು ಅಂತ ಕೇಳಿದಳು. ಹನ್ನೆರಡು ಅಂದೆ. ನೋಟ್‌ಬುಕ್ ತೆಗೆದು ಆ ಪುಟದ ಮೇಲೆ ಬೆರಳಿಟ್ಟು ಕೂತಳು.

"ನಾನು ಮಾಡಿದ್ರೆ ಸರಿ ಆಗಲ್ಲ ಅಂತ ನಿನಗೂ ಅನ್ಸಿತ್ತಾ ಅಮ್ಮಿ?"

ಇಲ್ಲ ಅನ್ನಬೇಕಿತ್ತು. ಅವಳ ಬ್ಯಾಗ್ ಎತ್ತಿ ಮೊಳೆಗೆ ನೇತು ಹಾಕಿದೆ.

ಫೆಬ್ರವರಿ 19, ಬುಧವಾರ

ಝೋಯಾ ಲೋಟಗಳಿಗೆ ನೀರು ಹಾಕಿದಳು, ಸತ್ತವಕ್ಕೂ.

ಫೆಬ್ರವರಿ 20, ಗುರುವಾರ

ವಾಟ್ಸಾಪ್ ಗ್ರೂಪಿನಲ್ಲಿ ನಾನೇ ಬರೆದೆ. ಹೆಸರು ಹಾಕಿ, ಉಪ್ಪಿನ ವಿಷಯ ಪೂರ್ತಿ. ಏಳು ಸಾಲು ಬರೆಯಲು ಒಂದು ಗಂಟೆ ಹಿಡಿಯಿತು. ಶಿವರಾಮಯ್ಯನವರು ಫೋನ್ ಮಾಡಿ, ಮರ್ಯಾದೆ ಹೋಯಿತು, ಆ ಲೋಟಗಳನ್ನು ಮೊದಲು ಎಸೆಯಿರಿ, ಮಗುವಿನ ಹೆಸರೂ ಪಟ್ಟಿಯಿಂದ ತೆಗೆಯಿರಿ ಅಂದರು. ನನಗೂ ಅದೇ ಸರಿ ಅನ್ನಿಸಿತು. ಮೇಳಕ್ಕೆ ಮೂರು ದಿನ. ನನ್ನ ಮಗಳು ಇನ್ನು ಯಾವತ್ತೂ ಏನನ್ನೂ ಮುಟ್ಟುವುದಿಲ್ಲ, ಅದಕ್ಕೆ ಕಾರಣ ನಾನು ಅಂತ ಬೆಳಿಗ್ಗೆಯಿಂದ ಅದೊಂದೇ ತಲೆಯಲ್ಲಿ.

ಸಂಜೆ ಸಂಧ್ಯಾ ಕಾರ್ಖಾನೆ ಬಸ್ಸಿನಿಂದ ಇಳಿದವಳು ನೇರ ಅಂಗಡಿಗೆ ಬಂದಳು. ಬೈಯುತ್ತಾಳೆ ಅಂದುಕೊಂಡಿದ್ದೆ, ಬೈಸಿಕೊಳ್ಳುವ ಮನಸ್ಸೂ ಇತ್ತು. ಅವಳು ಝೋಯಾಳನ್ನು ಕರೆದಳು.

"ನಾನು ಕೆಲ್ಸ ಮಾಡೋ ಕಡೆ ಪಾರ್ಟ್ ತಪ್ಪಾದ್ರೆ ಬಚ್ಚಿಡಲ್ಲ ಝೋಯಾ. ಅದಕ್ಕೊಂದು ಕೆಂಪು ಚೀಟಿ ಕಟ್ಟಿ, ಏನಾಯ್ತು, ಯಾವತ್ತಾಯ್ತು, ಯಾರಿಂದ ಆಯ್ತು ಅಂತ ಬರ್ದು, ಎಲ್ಲರಿಗೂ ಕಾಣೋ ಕಡೆ ಇಡ್ತೀವಿ. ಒಳ್ಳೆ ಪಾರ್ಟ್‌ಗಿಂತ ಅದನ್ನ ನೋಡಿ ಕಲಿಯೋದೇ ಜಾಸ್ತಿ. ನಿನ್ನ ಪುಸ್ತಕದಲ್ಲಿ ಎಷ್ಟು ದಿನ ಸರಿ ಇದೆ ನೋಡು."

ಝೋಯಾ ಪುಸ್ತಕ ತಿರುವಿದಳು. ಹನ್ನೆರಡನೇ ತಾರೀಖಿನವರೆಗೂ ಸರಿ ಇದೆ ಅಂದಳು. ಹಾಗಾದರೆ ಏನು ಸಿಕ್ಕಿದ ಹಾಗಾಯಿತು ಅಂತ ಸಂಧ್ಯಾ ಕೇಳಿದಳು. ಹದಿನಾರು ದಿನದಲ್ಲಿ ಮೂರು ನೀರಿಗೂ ವ್ಯತ್ಯಾಸ ಕಾಣಲಿಲ್ಲ ಅಂದಳು ಝೋಯಾ. ಅದು ಏನೂ ಇಲ್ಲ ಅಂತಲೋ, ಒಂದು ಉತ್ತರ ಅಂತಲೋ ಅಂದಳು ಸಂಧ್ಯಾ. ಝೋಯಾ ತುಟಿ ಕಚ್ಚಿಕೊಂಡಳು. ಉತ್ತರವೇ ಅಂದಳು. ಆಮೇಲೆ ನನ್ನ ಕಡೆ ತಿರುಗಿ ಎರಡು ದಿನದ ಮೇಲೆ ಮೊದಲ ಮಾತು ಆಡಿದಳು. ಕೆಂಪು ಚಾರ್ಟ್ ಇದೆಯಾ ಅಂತ.

ಕತ್ತರಿಸಿ ಕೊಡಲಾ ಅಂದೆ. ಬೇಡ ಅಂದಳು. ಅವಳು ಕತ್ತರಿಸಿದ್ದು ಒಂದು ಚೀಟಿ ದೊಡ್ಡದು, ಒಂದು ಚಿಕ್ಕದು. ಕೌಂಟರಿನ ಈಚೆ ಕೈ ಕಟ್ಟಿಕೊಂಡು ನಿಂತಿದ್ದೆ. ಹದಿನಾಲ್ಕು ವರ್ಷದಲ್ಲಿ ಇಷ್ಟು ಕಷ್ಟದ ಕೆಲಸ ಮಾಡಿಲ್ಲ.

ಫೆಬ್ರವರಿ 23, ಭಾನುವಾರ

ಮೇಳ ಮುಗಿಯಿತು. ಕಾಲು ಊದಿಕೊಂಡಿದೆ, ಆದರೂ ಇವತ್ತೇ ಬರೆಯಬೇಕು.

ಬೆಳಿಗ್ಗೆ ಏಳಕ್ಕೇ ಜುಲ್ಫಿಕರ್ ಕುಣಿಗಲ್‌ಗೆ ಹೋಗಿ ಮಕ್ಕಳನ್ನು ತುಂಬಿಕೊಂಡು ಬಂದರು. ಮಜ್ಜಿಗೆ ಡಬ್ಬ ವ್ಯಾನಿನಲ್ಲಿ ಚೆಲ್ಲಿ, ಇನ್ನು ಒಂದು ವಾರ ಸ್ಕೂಲು ಮಕ್ಕಳೆಲ್ಲ ಮೂಗು ಮುಚ್ಚಿಕೊಂಡು ಹೋಗಬೇಕು. ಗುಬ್ಬಿಯವರು ಬಸ್ಸಿನಲ್ಲಿ ಬಂದರು. ಲೆಕ್ಕಕ್ಕೆ ಇಪ್ಪತ್ತೆರಡು ಮಕ್ಕಳು, ಹನ್ನೊಂದು ಗಂಟೆಗೆ ನೋಡಿದರೆ ಮೂವತ್ತೊಂದು. ಒಬ್ಬಳು ಇರುವೆ ಸಾಲು ನೋಡಿ ಬರೆದಿದ್ದ ಒಂದೇ ಹಾಳೆ ಹಿಡಿದು ಬಂದಿದ್ದಳು, ಅವಳಿಗೂ ಮೇಜು ಕೊಟ್ಟೆ. ಶಾದಿ ಮಹಲ್‌ನ ಊಟದ ಮೇಜುಗಳು ಸಾಲದೆ, ಅತ್ತೆ ಮನೆಯಿಂದ ತಮ್ಮ ಮಂಚವನ್ನೇ ಹೊರಿಸಿ ಕಳಿಸಿದರು. ಶಿವರಾಮಯ್ಯನವರಿಗೆ ವೇದಿಕೆ ಸಿಗಲಿಲ್ಲ. ಸ್ವಲ್ಪ ಹೊತ್ತು ಮುನಿಸಿಕೊಂಡಿದ್ದರು, ಆಮೇಲೆ ನೋಡಿದರೆ ಚೆಂಡಿನ ಅಕ್ಕ ತಂಗಿಯರ ಹತ್ತಿರ ಪಂಚೆ ಎತ್ತಿ ಕಟ್ಟಿ ಚೆಂಡು ಬಿಡುತ್ತಿದ್ದರು.

ಝೋಯಾ ಹದಿನೈದು ಲೋಟವನ್ನೂ ಇಟ್ಟಿದ್ದಳು. ಹತ್ತು ಹಸಿರು, ಐದು ಸತ್ತಿದ್ದು. ಸತ್ತ ಐದಕ್ಕೆ ಕೆಂಪು ಚೀಟಿ: ಫೆಬ್ರವರಿ 12, ಉಪ್ಪು ಹಾಕಲಾಗಿದೆ, ಹಾಕಿದವರು ನಮ್ಮ ಅಮ್ಮಿ, ರೂಬಿ. ಓದಿದವರೆಲ್ಲ ನನ್ನ ಕಡೆ ತಿರುಗಿ ನೋಡುತ್ತಿದ್ದರು. ನನ್ನಿಂದ ಜ್ವಾಲಾಮುಖಿ ಕೊಂಡ ನಾಲ್ಕು ಜನ ತಾಯಂದಿರು ಮಾತ್ರ ನೋಡದ ಹಾಗೆ ಹೋದರು.

ಹನ್ನೆರಡರ ಹೊತ್ತಿಗೆ ಗಂಗಹನುಮಯ್ಯ ಬಂದರು. ಒಗೆದ ಅಂಗಿ ಹಾಕಿಕೊಂಡಿದ್ದರು. ಝೋಯಾ ಮೊದಲು ಅವರ ಕಾಲಿಗೆ ನಮಸ್ಕಾರ ಮಾಡಿ, ನನ್ನಿಂದ ನಿಮ್ಮ ಸೊಪ್ಪು ಹೋಯಿತು ತಾತ ಅಂದಳು. ಬುಡವ್ವ, ಮತ್ತೆ ಬೀಜ ಚೆಲ್ಲಿದೀನಿ ಅಂದರು. ಆಮೇಲೆ ಅವಳು ಪುಸ್ತಕ ತೆರೆದು ಎಲ್ಲಾ ಹೇಳಿದಳು. ಹದಿನಾರು ದಿನ ನೋಡಿದೆ, ರಾಗಿಗೆ ಏನೂ ಆಗಲಿಲ್ಲ, ಅದಕ್ಕಿಂತ ಜಾಸ್ತಿ ದಿನಕ್ಕೆ ಏನಾಗುತ್ತೆ, ಸೊಪ್ಪಿಗೆ ಏನಾಗುತ್ತೆ ಅಂತ ನಾನು ನೋಡಿಲ್ಲ ಅಂದಳು. ಮುದುಕ ತಲೆ ಕೆರೆದುಕೊಂಡು ಒಂದು ಪ್ರಶ್ನೆ ಕೇಳಿದರು.

"ನೀರು ಬಿಟ್ಟೂ ಬಿಟ್ಟೂ ನನ್ನ ಪಾತಿ ಅಂಚ್ನಾಗೆ ಮಣ್ಣು ಬೆಳ್ಳಗೆ ಪೊರೆ ಕಟ್ತದೆ ಮಗ. ಅದೇನು?"

ಸುತ್ತ ಹತ್ತು ಹನ್ನೆರಡು ಜನ. ನನಗೆ ಆರನೇ ಕ್ಲಾಸಿನ ಆ ದಿನವೇ ಕಣ್ಣ ಮುಂದೆ ಬಂತು. ಏನಾದರೂ ಹೇಳಿಕೊಡೋಣ ಅಂತ ಒಂದು ಹೆಜ್ಜೆ ಮುಂದೆ ಹೋದೆ, ಹೇಳಿಕೊಡಲು ನನಗೇನು ಗೊತ್ತಿತ್ತೋ ಅಲ್ಲಾಹನಿಗೇ ಗೊತ್ತು.

"ಗೊತ್ತಿಲ್ಲ ತಾತ" ಅಂದಳು ಝೋಯಾ. ತಲೆ ತಗ್ಗಿಸಲಿಲ್ಲ, ಕಣ್ಣಲ್ಲಿ ನೀರಿಲ್ಲ. ಪೆನ್ ತೆಗೆದು ಪುಸ್ತಕದಲ್ಲಿ ಬರೆದುಕೊಂಡಳು. "ನಾಳೆ ಬಂದು ನೋಡ್ತೀನಿ. ನೀರು ಎಲ್ಲಿ ನಿಲ್ಲುತ್ತೆ ಅಂತ ನೀವು ತೋರಿಸ್ಬೇಕು."

ತೋರುಸ್ತೀನಿ ಬಾರವ್ವ ಅಂದರು. ನಾನು ಕಂಬದ ಹಿಂದೆ ಹೋಗಿ ದುಪಟ್ಟಾದಲ್ಲಿ ಮುಖ ಒರೆಸಿಕೊಂಡೆ. ಏಳು ವರ್ಷ ಫಸ್ಟ್ ಪ್ರೈಜ್ ಬಂದಾಗಲೂ ನನಗೆ ಇಷ್ಟು ಖುಷಿಯಾಗಿರಲಿಲ್ಲ.

ಊಟದ ಹೊತ್ತಿಗೆ ಝೋಯಾ ಬಂದು, ನಾನು ಊಟ ಮಾಡಬೇಕು, ಕೆಂಪು ಚೀಟಿಯ ಲೋಟಗಳ ಹತ್ತಿರ ನೀನು ನಿಂತುಕೋ ಅಂದಳು. ನಾನಾ ಅಂದೆ. ಅದು ನಿನ್ನದೇ ತಾನೇ ಅಂದಳು. ಹೋಗಿ ನಿಂತೆ. ಸಾವಿರ ಮಾಡೆಲ್ ಮಾಡಿರಬಹುದು, ಒಂದರ ಮುಂದೆಯೂ ನಿಂತು ವಿವರಿಸಿದವಳಲ್ಲ. ಮೊದಲು ಬಂದವರಿಗೆ ಚೀಟಿಯನ್ನು ಬೆರಳಲ್ಲಿ ತೋರಿಸಿದೆ, ಅಷ್ಟೇ. ಎರಡನೆಯವರಿಗೆ, ನಾನು ಉಪ್ಪು ಹಾಕಿದೆ ಅಂದೆ. ಹತ್ತನೆಯವರ ಹೊತ್ತಿಗೆ ಯಾಕೆ ಹಾಕಿದೆ ಅಂತಲೂ ಹೇಳುತ್ತಿದ್ದೆ. ಯಾರೂ ನಗಲಿಲ್ಲ ಅಂತೇನಿಲ್ಲ, ನಕ್ಕರು.

ಕುಣಿಗಲ್‌ನ ನಂದಿತಾ ಬಂದಳು. ಲೋಟದೊಳಗೆ ಮೂಗು ಇಟ್ಟು ನೋಡಿ, ಎಷ್ಟು ಉಪ್ಪು ಅಂತ ಕೇಳಿದಳು. ಒಂದು ಚಮಚ ಅಂದೆ.

"ಯಾವ ಚಮಚ ಆಂಟಿ? ನಮ್ಮನೇಲಿ ಮೂರು ಥರ ಇದೆ."

ಟೀ ಚಮಚ ಅಂದೆ. ಅರ್ಧ ಚಮಚ ಹಾಕಿದ್ದರೆ ಸಾಯುತ್ತಿತ್ತಾ ಅಂದಳು. ನಾನು ಬಾಯಿ ತೆರೆದೆ. ಸಾಯುತ್ತಿತ್ತು ಅನ್ನಬಹುದಿತ್ತು, ಇಲ್ಲ ಅನ್ನಬಹುದಿತ್ತು, ಎಂಟು ವರ್ಷದ ಮಗು ನಂಬುತ್ತಿತ್ತು. ನೋಡಿಲ್ಲ ಅಂದೆ. ನೋಡಿ ಮತ್ತೆ, ನನಗೆ ಹೇಳಿ ಅಂತ ಹೇಳಿ, ಮಜ್ಜಿಗೆ ವಾಸನೆ ಬಿಟ್ಟು ಹೋದಳು.

ಫೆಬ್ರವರಿ 24, ಸೋಮವಾರ

ಹಸಿರು ಲೋಟದಲ್ಲಿ ಐದು ಕೊಡು ಅಂತ ಝೋಯಾಗೆ ಕೇಳಿದೆ. ಯಾಕೆ ಅಂದಳು. ಹೇಳಿದೆ. ಒಂದಕ್ಕೆ ಉಪ್ಪು ಹಾಕಬಾರದು, ಒಂದೇ ಅಳತೆ ನೀರು ಹಾಕಬೇಕು, ದಿನಾ ಒಂದೇ ಹೊತ್ತಿಗೆ ಬರೆಯಬೇಕು ಅಂತ ನೂರೆಂಟು ಷರತ್ತು ಹಾಕಿ ಕೊಟ್ಟಳು. ಅವಳು ಹೆಬ್ಬೂರು ತಾತನ ಪಾತಿಗೆ ಸ್ಕೇಲು, ಡಬ್ಬಿ ಹಿಡಿದು ಹೋದಳು. ಬರುವಾಗ ಕಾಲೆಲ್ಲ ಕೆಸರು.

ಫೆಬ್ರವರಿ 28, ಶುಕ್ರವಾರ

ನಾಲ್ಕನೇ ದಿನ, ಬೆಳಿಗ್ಗೆ ಎಂಟು.

ಉಪ್ಪಿಲ್ಲದ್ದು: ಚೆನ್ನಾಗಿದೆ. (ಝೋಯಾ ಇದನ್ನು ಹೊಡೆದು ಹಾಕಿ, ಚೆನ್ನಾಗಿದೆ ಅಂದರೆ ಎಷ್ಟು ಅಂತ ಪಕ್ಕದಲ್ಲಿ ಬರೆದಿದ್ದಾಳೆ. ದಿನಚರಿ ಓದಬಾರದು ಅಂತ ಗದರಿದೆ. ಹಾಗಾದರೆ ಬೇರೆ ಪುಸ್ತಕ ಮಾಡಿಕೋ ಅಂದಳು.) ಹನ್ನೊಂದು ಸೆಂಟಿಮೀಟರ್, ಎಲೆ ನಾಲ್ಕು.

ಚಿಟಿಕೆ: ಹನ್ನೊಂದು. ಎಲೆ ನಾಲ್ಕು.

ಮುಕ್ಕಾಲು ಚಮಚ: ಸತ್ತಿದೆ.

ಅರ್ಧ ಚಮಚ: ಸತ್ತಿದೆ. ನಂದಿತಾಗೆ ಫೋನ್ ಮಾಡಿ ಹೇಳಬೇಕು.

ಕಾಲು ಚಮಚ: ಎಲೆ ಸುರುಳಿ ಸುತ್ತಿದೆ. ಒಂದು ಎಲೆ ಮಾತ್ರ ನೆಟ್ಟಗಿದೆ.

ಬರೆಯುವಾಗ ಒಬ್ಬರು ಹೃದಯದ ಮಾಡೆಲ್ ಬೇಕು ಅಂತ ಬಂದು ನಿಂತರು. ಐದು ನಿಮಿಷ ಕೂರಿಸಿದೆ. ಅಷ್ಟರಲ್ಲಿ ಅತ್ತೆಗೆ ಕಾಲು ಚಮಚದ ಲೋಟ ನೋಡಿ ಕರುಳು ಚುರುಕ್ ಅಂದಿರಬೇಕು, ಸಿಹಿ ನೀರಿನ ಚೊಂಬು ತಂದು ಬಗ್ಗಿದರು. ಓಡಿ ಹೋಗಿ ಕೈ ಹಿಡಿದೆ. ಪಾಪ, ಬದುಕಲಿ ಬಿಡೇ ಅಂದರು. ಮುಟ್ಟಬೇಡಿ ಅತ್ತೆ, ಇದು ಬದುಕುತ್ತೋ ಇಲ್ಲವೋ ನನಗೆ ಗೊತ್ತಿಲ್ಲ, ನೋಡ್ತಾ ಇದೀನಿ ಅಂದೆ.